ಹೊಳೆಗೆ ಹೇಳಿದ ಹಲ್ಲಿನ ಕನಸು

ನಾನು ಮೊದಲಿನಿಂದಲೂ ಪುಕ್ಕಲು. ಇಂಜೆಕ್ಷನ್ ಎಂದರೆ ಆಸ್ಪತ್ರೆಯ ಮೆಟ್ಟಿಲಲ್ಲೇ ಕಾಲೆಳೆಯುತ್ತಿದ್ದ ನಾನು, ಕೆಲಸಕ್ಕೆ ಸೇರಿ ವರ್ಷ ತುಂಬಿದ ಮೇಲೆ ನಾನಾಗಿಯೇ ಹೋಗಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತೆ ಎಂದರೆ, ಕೈ ಅಡ್ಡ ಹಿಡಿದು ನಗುವುದು ಅಷ್ಟು ಸಾಕಾಗಿಹೋಗಿತ್ತು. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಪಕ್ಕದ್ದರ ಮೇಲೆ ಹತ್ತಿ ಕೂತಿತ್ತು. ಅವ್ವನದೂ ಹಾಗೇ. ಅವಳು ಸೆರಗು ಅಡ್ಡ ಹಿಡಿಯುತ್ತಾಳೆ, ನಾನು ಕೈ. ಬೈಕ್ ಶೋರೂಮಿನ ಕೌಂಟರಿನಲ್ಲಿ ದಿನವಿಡೀ ಗಿರಾಕಿಗಳ ಜೊತೆ ಮಾತಾಡುವವಳು, ತಂತಿಯ ಕ್ಲಿಪ್ ಬೇಡ ಎಂದೆ. ಹಾಗಾದರೆ ಕಣ್ಣಿಗೆ ಕಾಣದ ಅಲೈನರ್ ಹಾಕೋಣ ಎಂದರು ಡಾಕ್ಟರು.

ನನ್ನ ಹಲ್ಲುಗಳು ಒಸಡಿನೊಳಗೆ ತಾವಾಗಿಯೇ ಸರಿಯುತ್ತ ಸಾಲಿಗೆ ಬರುವುದನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ಅವರಿಗೆ ಅದು ಖುಷಿ. ನಾನು ಪರದೆಯಿಂದ ಮುಖ ತಿರುಗಿಸಿದೆ. ಮೂಳೆಯಲ್ಲಿ ನೆಟ್ಟ ಹಲ್ಲು ನಡೆಯುವುದು ಹೇಗೆ? ಮೂಳೆ ಒಂದು ಕಡೆ ಕರಗಿ ಇನ್ನೊಂದು ಕಡೆ ಕಟ್ಟಿಕೊಳ್ಳುತ್ತದೆ, ನಡುವೆ ಹಲ್ಲು ಒಂಚೂರು ಅಲ್ಲಾಡಬಹುದು, ಗಾಬರಿಯಾಗಬೇಡಿ ಎಂದರು. ಯಾರಾದರೂ ಗಾಬರಿಯಾಗಬೇಡಿ ಎಂದರೆ ನನಗೆ ಗಾಬರಿ ಶುರುವಾಗುವುದೇ ಅಲ್ಲಿಂದ.

ಅಲೈನರ್ ಎಂದರೆ ನಮ್ಮದೇ ಹಲ್ಲಿನ ಆಕಾರದ ತೆಳ್ಳನೆಯ ಪ್ಲಾಸ್ಟಿಕ್ ಅಚ್ಚು. ಮೇಲೊಂದು, ಕೆಳಗೊಂದು. ಊಟಕ್ಕೆ ಮತ್ತು ಹಲ್ಲುಜ್ಜುವುದಕ್ಕೆ ಬಿಟ್ಟರೆ ತೆಗೆಯುವ ಹಾಗಿಲ್ಲ. ಹಾಕಿಕೊಂಡರೆ ಸ, ಶ ಎಲ್ಲ ಬಾಯಲ್ಲೇ ಜಾರುತ್ತವೆ. ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಲ್ಲಿ, ಅಪ್ಪ ಹೋದ ಮೇಲೆ, ಅವ್ವ ಮತ್ತು ನಾನು ಇಬ್ಬರೇ. ಮೊದಲ ವಾರದಿಂದಲೇ ಅವ್ವ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಡತೊಡಗಿದಳು. ದಿನಾ ಬೆಳಿಗ್ಗೆ ಎದ್ದ ತಕ್ಷಣ, "ಹಲ್ಲು ತೋರ್ಸು" ಎನ್ನುತ್ತಿದ್ದಳು. ಎಷ್ಟು ನೆಟ್ಟಗಾಯಿತು ನೋಡುವ ಆತುರ ಇವಳಿಗೆ ಎಂದು ನಾನು ಸಿಡಿಮಿಡಿಗೊಳ್ಳುತ್ತಿದ್ದೆ.

ಕೆಲವು ವಾರಕ್ಕೊಮ್ಮೆ ಹೊಸ ಅಚ್ಚಿಗೆ ಬದಲಾಯಿಸುತ್ತ ಹೋದಂತೆ, ಹತ್ತಿ ಕೂತಿದ್ದ ಹಲ್ಲು ನಿಜವಾಗಿಯೂ ಅಲ್ಲಾಡತೊಡಗಿತು. ನಾಲಿಗೆ ಸುಮ್ಮನಿರದು, ಹೋಗಿ ಹೋಗಿ ಅದನ್ನೇ ಮುಟ್ಟುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಅವ್ವನಿಗೆ ಗರ್ಭಕೋಶ ತೆಗೆಯುವ ಆಪರೇಷನ್ ನಿಗದಿಯಾಯಿತು. ಡಾಕ್ಟರು ಇದು ಮಾಮೂಲಿ ಎಂದರು. ಓಣಿಯ ಹೆಂಗಸರೂ ಮಾಮೂಲಿ ಎಂದರು. ನನಗೆ ಮಾತ್ರ ಹಾಗನಿಸಲಿಲ್ಲ. ಅವ್ವನಿಗೆ ಏನಾದರೂ ಆದರೆ ನನಗೆ ಯಾರೂ ಇಲ್ಲ.

ಆಪರೇಷನ್ನಿಗೆ ಇನ್ನು ಕೆಲವೇ ದಿನವಿದ್ದಾಗ, ಬೆಳಗಿನ ಜಾವ ಕನಸು ಬಿತ್ತು. ಅಚ್ಚು ತೆಗೆಯುತ್ತೇನೆ, ಮೇಲಿನ ಹಲ್ಲುಗಳೆಲ್ಲ ಅದರೊಳಗೇ ಬಂದುಬಿಟ್ಟಿವೆ. ಎಚ್ಚರಾದಾಗ ಮೈಯೆಲ್ಲ ಬೆವರು.

ಅವ್ವನ ತವರು ಹದಡಿಯಲ್ಲಿ ಇದಕ್ಕೊಂದು ಲೆಕ್ಕವಿದೆ. ಕನಸಿನಲ್ಲಿ ಮೇಲಿನ ಹಲ್ಲು ಬಿದ್ದರೆ ಮನೆಯ ಹಿರಿಯರಿಗೆ ಕೇಡು, ಕೆಳಗಿನದು ಬಿದ್ದರೆ ಮಕ್ಕಳಿಗೆ. ಮನುಷ್ಯರ ಮುಂದೆ ಬಾಯಿಬಿಡುವ ಮೊದಲು ಹರಿಯುವ ನೀರಿಗೆ ಹೇಳಿಬಿಟ್ಟರೆ ನೀರು ಅದನ್ನು ಒಯ್ಯುತ್ತದೆ. ಚಿಕ್ಕಂದಿನಲ್ಲಿ ಅವ್ವ ನನ್ನನ್ನು ಅಲ್ಲಿನ ನೀರಾವರಿ ಚಾನಲ್ಲಿನ ಏರಿಗೆ ಕರೆದೊಯ್ದು ನನ್ನ ದೆವ್ವದ ಕನಸುಗಳನ್ನೆಲ್ಲ ಹೇಳಿಸುತ್ತಿದ್ದಳು. ಈಗ ಚಾನಲ್ಲಿಗೆ ನೀರು ಬಿಟ್ಟಿರಲಿಲ್ಲ. ಮನೆಯ ನಲ್ಲಿಯನ್ನು ಹರಿಯುವ ನೀರು ಎನ್ನಲು ಮನಸ್ಸು ಒಪ್ಪಲಿಲ್ಲ. ಕೆಲಸಕ್ಕೆಂದು ಹೊರಟವಳು ಹರಿಹರದ ಬಸ್ಸು ಹತ್ತಿದೆ. ಬಾಯಿ ತೆರೆದರೆ ಎಲ್ಲಿ ಕನಸು ಹೊರಬಿದ್ದೀತೋ ಎಂದು ಕಂಡಕ್ಟರಿಗೂ ಮಾತಾಡದೆ ಕೈಸನ್ನೆ ಮಾಡಿದೆ. ಮೂಗಿ ಎಂದುಕೊಂಡಿರಬೇಕು, ಪಾಪ, ಇಳಿಯುವಾಗ ತೋಳು ಹಿಡಿದು ಇಳಿಸಿದ.

ತುಂಗಭದ್ರೆಯ ದಂಡೆಯಲ್ಲಿ ಬಟ್ಟೆ ಒಗೆಯುವವರಿಂದ ದೂರ ಹೋಗಿ, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತೆ. ಕನಸು ಹೇಳತೊಡಗಿದರೆ ಮಾತೆಲ್ಲ ಜಾರಿ ಜಾರಿ ಬಂತು. ಹೊಳೆಗೆ ಅರ್ಧಂಬರ್ಧ ತಿಳಿದರೆ ಅರ್ಧವನ್ನೇ ಒಯ್ದೀತು ಎಂದು ಹೆದರಿಕೆಯಾಯಿತು. ಎರಡೂ ಅಚ್ಚು ತೆಗೆದು ಅಂಗೈಯಲ್ಲಿಟ್ಟುಕೊಂಡು, ಮೊದಲಿಂದ ಕೊನೆಯವರೆಗೆ ಸ್ಪಷ್ಟವಾಗಿ ಹೇಳಿದೆ. ಅವ್ವನನ್ನು ಬಿಟ್ಟುಬಿಡು ಎಂದು ಎರಡೂ ಕೈ ಎತ್ತಿ ಮುಗಿದೆ. ಆಗ ಮೇಲಿನ ಅಚ್ಚು ಜಾರಿತು. ನೀರಿನಲ್ಲಿ ಅದು ನೀರಿನ ಹಾಗೇ ಇತ್ತು. ಮೊಣಕಾಲವರೆಗೆ ಇಳಿದು ತಡಕಾಡಿದೆ, ಬರೀ ಮರಳು, ಕಲ್ಲು. ಮೇಲಿನ ಹಲ್ಲಿನ ಸಾಲನ್ನೇ ನನ್ನ ಕೈಯಾರೆ ಹೊಳೆಗೆ ಹಾಕಿದಂತಾಗಿತ್ತು. ಕೆಟ್ಟೆನಲ್ಲಪ್ಪಾ ಎಂದು ಅಲ್ಲೇ ಕೂತು ಅತ್ತೆ.

ಡಾಕ್ಟರಿಗೆ ಫೋನ್ ಮಾಡಿ, ಕಳೆದುಹೋಯಿತು ಎಂದಷ್ಟೇ ಹೇಳಿದೆ. ಬೈದು, ಹೊಸದು ಬರುವವರೆಗೆ ಹಳೆಯ ಅಚ್ಚನ್ನೇ ಹಾಕಿಕೊಳ್ಳಿ ಎಂದರು. ಅವ್ವನಿಗೆ ಏನೂ ಹೇಳಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ನರ್ಸ್ ಅವ್ವನಿಗೆ ಹಸಿರು ಗೌನ್ ತೊಡಿಸಿ, ಬಳೆ, ತಾಳಿಯಿಲ್ಲದ ಕರಿಮಣಿ ಎಲ್ಲ ತೆಗೆಸಿ ನನ್ನ ಕೈಗೆ ಕೊಟ್ಟಳು. ಆಮೇಲೆ ಕೇಳಿದಳು. "ಅಲ್ಲಾಡೋ ಹಲ್ಲು ಏನಾರ ಅದಾವೇನ್ರಿ?"

ನನ್ನ ಜೀವ ಬಾಯಿಗೆ ಬಂತು. ಅರಿವಳಿಕೆ ಕೊಡುವ ಮುನ್ನ ಎಲ್ಲರಿಗೂ ಕೇಳುವ ಪ್ರಶ್ನೆ ಅದು ಎಂದು ನನಗೇನು ಗೊತ್ತು.

"ನಂಗಿಲ್ರಿ. ಅಲ್ಲಾಡೋದೆಲ್ಲ ಇವಳ್ದು" ಎಂದಳು ಅವ್ವ.

ನರ್ಸ್ ನಗುತ್ತ ಆಚೆ ಹೋದಳು. ನನ್ನಿಂದ ತಡೆಯಲಾಗಲಿಲ್ಲ. ಅವ್ವನ ಕೈ ಹಿಡಿದು ಕನಸು, ಹರಿಹರ, ಹೊಳೆ ಪಾಲಾದ ಅಚ್ಚು ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ ಎಂದುಕೊಂಡರೆ ನನ್ನ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

"ನಿಂಗೆ ಮ್ಯಾಲಿನ ಹಲ್ಲು ಬಿತ್ತಾ? ನಂಗೆ ಕನಸ್ನಾಗೆ ಕೆಳಗಿಂದು ಬಿದ್ದಿತ್ತವ್ವ, ನೀನು ಆ ಪ್ಲಾಸ್ಟಿಕ್ ಹಾಕ್ಕೊಂಡ್ ಬಂದ ವಾರಾನೇ. ನಾನು ನಲ್ಲಿ ಬಿಟ್ಟು ಹೇಳ್ಕೊಂಡೆ. ಅದೂ ಹೊಳೆ ನೀರೇ ಅಲ್ಲೇನು."

ಕೆಳಗಿನದು ಮಕ್ಕಳಿಗೆ. ನೆನೆಸಿದ ರೊಟ್ಟಿ, ದಿನಾ ಬೆಳಗಿನ ಆ ತಪಾಸಣೆ ಎಲ್ಲ ಒಮ್ಮೆಲೇ ಅರ್ಥವಾಯಿತು. ಏನಾದರೂ ಹೇಳಬೇಕು ಎನ್ನುವಷ್ಟರಲ್ಲಿ ಸ್ಟ್ರೆಚರ್ ಬಂತು.

ಬಾಗಿಲ ಹೊರಗೆ ಕೂತಷ್ಟು ಹೊತ್ತೂ ನಾಲಿಗೆಯನ್ನು ಆ ಹಲ್ಲಿನ ಹತ್ತಿರ ಹೋಗಗೊಡಲಿಲ್ಲ. ನಾನು ಅದನ್ನು ಅಲ್ಲಾಡಿಸಿದರೆ ಒಳಗೆ ಏನೋ ಸಡಿಲವಾಗುತ್ತದೆ ಎಂಬ ಭಯ. ಪೆದ್ದುತನ ಎಂದು ಗೊತ್ತಿದ್ದೂ ಬಾಯಿ ಬಿಗಿಹಿಡಿದೇ ಕೂತೆ, ದವಡೆ ನೋಯತೊಡಗಿತು.

ವಾರ್ಡಿಗೆ ತಂದಾಗ ಅವ್ವನಿಗೆ ಇನ್ನೂ ಮಂಪರು. ಒಣಗಿದ ತುಟಿ ಮೆಲ್ಲಗೆ ಅಲುಗಿತು. ನೀರು ಕೇಳುತ್ತಾಳೇನೋ ಎಂದು ಬಗ್ಗಿದೆ.

"ಹಲ್ಲು ತೋರ್ಸು" ಎಂದಳು.

ಅಚ್ಚು ತೆಗೆದು, ಕೈ ಅಡ್ಡ ಹಿಡಿಯದೆ ಬಾಯಿ ತೆರೆದೆ. ಅವಳ ಕಣ್ಣು ಕೆಳಗಿನ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹೋಗಿ, ಮುಚ್ಚಿಕೊಂಡಿತು. ಮುಚ್ಚಿದ ಆ ಕಣ್ಣು ನೋಡಿ ನನ್ನ ಎದೆ ಮತ್ತೆ ಧಸಕ್ಕೆಂದಿತು. ಮೂಗಿನ ಕೆಳಗೆ ಬೆರಳು ಹಿಡಿದೆ. ಉಸಿರು ಬೆಚ್ಚಗೆ ತಾಗಿತು. ಆದರೂ ಬೆರಳು ತೆಗೆಯಲಿಲ್ಲ.