ಅಳಿಯನ ಅಳತೆಗೊಂದು ಕೋವಿ

ಕೋವಿಯ ವಿಷಯದಲ್ಲಿ ನನಗಿರುವುದು ಹಮಾಲಿಯ ಅನುಭವ, ಬೇಟೆಗಾರನದಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸುಳ್ಯದ ಹತ್ತಿರದ ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಯ ಲೈಸನ್ಸಿನ ಒಂಟಿ ನಳಿಗೆಯ ಕೋವಿಯೊಂದಿತ್ತು. ಚುನಾವಣೆ ಬಂದಾಗಲೆಲ್ಲ ಅಂಥ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕು. ಪಂಚಾಯತಿಗೆ ಒಮ್ಮೆ, ವಿಧಾನಸಭೆಗೆ ಒಮ್ಮೆ, ಲೋಕಸಭೆಗೆ ಇನ್ನೊಮ್ಮೆ. ನಡುವೆ ಸರಕಾರ ಬಿದ್ದರೆ ಮತ್ತೊಮ್ಮೆ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಕೋವಿಯನ್ನು ಹೊತ್ತು ಅಪ್ಪನ ಹಿಂದೆ ಬಸ್ಸು ಹತ್ತುವುದು ನನ್ನ ಕೆಲಸ. ಕಂಡಕ್ಟರ್ ಪ್ರತಿ ಸಲವೂ ಅದನ್ನು ಮೀನಿನ ಗಾಳವೆಂದುಕೊಂಡು ಸೀಟಿನ ಕೆಳಗೆ ತಳ್ಳಿಸುತ್ತಿದ್ದ. ನಮ್ಮ ಕೋವಿ ಮನೆಯಲ್ಲಿದ್ದುದಕ್ಕಿಂತ ಠಾಣೆಯಲ್ಲಿದ್ದುದೇ ಹೆಚ್ಚು. ಹಂದಿಗಳಿಗೆ ಮತದಾನದ ಗೊಡವೆ ಇಲ್ಲವಾದ್ದರಿಂದ ಆ ದಿನಗಳಲ್ಲಿ ಅವು ನಿಶ್ಚಿಂತೆಯಾಗಿ ನಮ್ಮ ಗೆಣಸು ತಿಂದವು.

ಹೀಗಿದ್ದೂ ಬಹರೈನಿನ ನಮ್ಮ ಆಫೀಸಿನಲ್ಲಿ ನಾನು ಕೋವಿ ತಜ್ಞ. ಇದಕ್ಕೆ ಕಾರಣ ಹಮೀದಾಕ. ಉಪ್ಪಿನಂಗಡಿಯ ಬ್ಯಾರಿ, ಕಂಪನಿಯ ಕಾರು ಓಡಿಸುವವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ಒಂದು ದಿನ ನಮ್ಮ ಮ್ಯಾನೇಜರ್ ಅಬು ಖಾಲಿದರನ್ನು ಕೂರಿಸಿಕೊಂಡು ಸೀಫ್‌ನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ, ಹೊತ್ತು ಹೋಗಲೆಂದು, ನಮ್ಮ ಕಡೆ ಕೊಡಗು ಎಂಬ ಸೀಮೆಯುಂಟು, ಅಲ್ಲಿ ಮನೆಮನೆಯಲ್ಲಿ ಕೋವಿ, ಲೈಸನ್ಸೂ ಬೇಡ, ಗಂಡು ಮಗು ಹುಟ್ಟಿದರೂ ಈಡು ಹೊಡೆಯುತ್ತಾರೆ ಎಂದು ವರ್ಣಿಸಿದರಂತೆ. ಡೊಲ್ಫಿ, ಅಂದರೆ ನಾನು, ಎಲ್ಲಿಯವನು ಎಂದು ಅಬು ಖಾಲಿದ್ ಕೇಳಿದರು. ಅದರ ಬುಡದವನೇ ಎಂದರು ಹಮೀದಾಕ.

“ಎಂತ ಹಮೀದಾಕ, ಹಾಗೆಲ್ಲ ಹೇಳುವುದಾ?” ಎಂದು ನಾನು ತಕರಾರು ತೆಗೆದೆ.

“ನಾನು ಸುಳ್ಳು ಹೇಳಿದ್ದಾ ಡೊಲ್ಫಿಯವ್ರೇ? ಸುಳ್ಯದಿಂದ ಘಾಟಿ ಹತ್ತಿದ್ರೆ ಕೊಡಗೇ ಅಲ್ವಾ? ಮರ್ಯಾದೆ ಬರ್ತದೆ, ಬರ್ಲಿ ಬಿಡಿ.”

ಮರ್ಯಾದೆ ಬಂದದ್ದು ನಿಜ. ಅಂದಿನಿಂದ ಅಬು ಖಾಲಿದ್ ನನ್ನ ಭುಜ ತಟ್ಟುವ ಬಲ ಸ್ವಲ್ಪ ಹೆಚ್ಚಾಯಿತು. ಹತ್ತೊಂಬತ್ತು ವರ್ಷಗಳಿಂದ ಕಂಪನಿಗೆ ಕುರ್ಚಿ, ಟಿಶ್ಯೂ ಪೇಪರು, ಪೈಪು, ಪಂಪು ಖರೀದಿಸುತ್ತ ಬಂದ ಗುಮಾಸ್ತನಿಗೆ ಪುಕ್ಕಟೆಯಾಗಿ ಒಂದಿಷ್ಟು ಶೌರ್ಯ ಸಿಕ್ಕಿದರೆ ಬೇಡವೆನ್ನಲು ಬಾಯಿ ಬರುತ್ತದೆಯೇ? ನೀವೇ ಹೇಳಿ. ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದುದರ ಫಲ ಮೊನ್ನೆ ಚಳಿಗಾಲಕ್ಕೆ ಮುಂಚೆ ಎದುರಿಗೆ ಬಂದು ಕುಳಿತಿತು.

ಅಬು ಖಾಲಿದ್ ನನ್ನ ಕೋಣೆಗೆ ಬಂದು ಬಾಗಿಲು ಮುಚ್ಚಿಕೊಂಡರು. ನಮ್ಮಿಬ್ಬರ ನಡುವಿನ ಭಾಷೆ ಅರ್ಧ ಉರ್ದು, ಅರ್ಧ ಇಂಗ್ಲಿಷು, ಒಗ್ಗರಣೆಗೆ ಅರಬ್ಬಿ. “ಹಬೀಬಿ, ಬಾತುಕೋಳಿ ಹೊಡೆಯುವ ಕೋವಿ ಬೇಕು. ಎರಡು ನಳಿಗೆಯದು. ಅಗ್ಗದ್ದು. ಆದರೆ ನೋಡಿದವರಿಗೆ ಅಗ್ಗದ್ದು ಅಂತ ಕಾಣಬಾರದು.”

ಬಹರೈನಿನಲ್ಲಿ ಬಾತುಕೋಳಿ ಹೊಡೆಯುವ ಮಾತೇ ಇಲ್ಲ. ಚಳಿಗಾಲದಲ್ಲಿ ತೂಬ್ಲಿ ಕೊಲ್ಲಿಗೆ ಬಂದಿಳಿಯುವ ಹಕ್ಕಿಗಳನ್ನು ದಂಡೆಯಲ್ಲಿ ನಿಂತು ನೋಡಿ ಮನೆಗೆ ಹೋಗಬೇಕು. ಕೋವಿ ಬೇಕಾಗಿದ್ದದ್ದು ಇಂಗ್ಲೆಂಡಿನಲ್ಲಿ. ಅಬು ಖಾಲಿದರ ಮಗಳು ಮರಿಯಮ್ ಅಲ್ಲಿ ಓದಲು ಹೋಗಿ, ಅಲ್ಲಿಯವನೇ ಆದ ಆಡಮ್ ಎಂಬವನನ್ನು ಮದುವೆಯಾಗಿದ್ದಳು. ಅವನು ಮದುವೆಗೆ ಮುಂಚೆ ಇವರ ಧರ್ಮಕ್ಕೆ ಸೇರಿದವನು, ಕೆಲಸಸ್ಥ, ಗಟ್ಟಿಯಾಗಿ ಮಾತಾಡುವವನೂ ಅಲ್ಲ. ಆದರೂ ಆರು ವರ್ಷಗಳಿಂದ ಅಬು ಖಾಲಿದರಿಗೂ ಅವನಿಗೂ ಮಾತಿಲ್ಲ. ಮರಿಯಮ್ ಪ್ರತಿ ವರ್ಷ ಒಬ್ಬಳೇ ಬಂದು ಹೋಗುತ್ತಿದ್ದಳು. ಅಳಿಯ ಅಲ್ಲ, ಮಗಳ ಗಂಡ ಎಂದು ನಮ್ಮಲ್ಲಿ ತಮಾಷೆ ಮಾಡುತ್ತಾರಲ್ಲ, ಎರಡೂ ಒಂದೇ ಎನ್ನುವ ಅರ್ಥದಲ್ಲಿ. ಎರಡೂ ಒಂದೇ ಅಲ್ಲವೆಂದು ನನಗೆ ತಿಳಿದದ್ದು ಅಬು ಖಾಲಿದರಿಂದ. ಆಡಮ್ ಅವರ ಬಾಯಲ್ಲಿ ಯಾವಾಗಲೂ ‘ಮರಿಯಮಳ ಗಂಡ’.

ಈಗ ಮರಿಯಮ್ ಖಡಾಖಂಡಿತವಾಗಿ ಹೇಳಿದ್ದಳು: ಇನ್ನು ಮೇಲೆ ತಾನು ಒಬ್ಬಳೇ ಬರುವುದಿಲ್ಲ, ಬಂದರೆ ಇಬ್ಬರೂ, ಇಲ್ಲವಾದರೆ ಯಾರೂ ಇಲ್ಲ. ಅಪ್ಪ ಈ ಚಳಿಗಾಲ ಇಂಗ್ಲೆಂಡಿನ ತಮ್ಮ ಮನೆಗೆ ಬಂದು ಉಳಿದು ಅದನ್ನು ಸರಿಮಾಡಬೇಕು. ಆಡಮ್ ಚಳಿಗಾಲದಲ್ಲಿ ಜೌಗಿನ ಕಡೆ ಬಾತುಕೋಳಿ ಬೇಟೆಗೆ ಹೋಗುತ್ತಾನೆ, ಅದೂ ಬೇರೆಯವರ ಕೋವಿ ಕೇಳಿ ಪಡೆದುಕೊಂಡು. ನಾನು ಅವನಿಗೆ ತಿಳಿಯದಂತೆ ಅಲ್ಲಿಯ ಅಂಗಡಿಯಲ್ಲೇ ಒಂದು ಕೋವಿ ಆರಿಸಿಡಬೇಕು. ಹೋದ ದಿನ ಅವನ ಲೈಸನ್ಸಿಗೆ ಸೇರಿಸಿ ಕೊಡಿಸಬೇಕು. ಬಾಯಲ್ಲಿ ಹೇಳಲಾಗದ್ದನ್ನು ಕೋವಿ ಹೇಳಲಿ ಎಂಬುದು ಅಬು ಖಾಲಿದರ ಲೆಕ್ಕಾಚಾರ. ಮಗಳನ್ನು ಕಳೆದುಕೊಳ್ಳುವ ಭಯ ಅವರ ಮುಖದಲ್ಲಿ ಕಾಣುತ್ತಿತ್ತು. ನನಗೆ ಕೋವಿಯ ಗಂಧಗಾಳಿ ಇಲ್ಲ ಎಂದು ಹೇಳಬೇಕಾದ ಸರಿಯಾದ ಕ್ಷಣ ಅದು. “ನೋಡೋಣ ಸರ್” ಎಂದುಬಿಟ್ಟೆ.

ನನಗೆ ತಿಳಿದಿರುವುದು ಒಂದೇ ವಿದ್ಯೆ. ಏನೇ ಕೊಳ್ಳಬೇಕಾದರೂ ಮೂರು ಕೊಟೇಶನ್ ತರಿಸಿ, ಉದ್ದಕ್ಕೆ ಗೆರೆ ಎಳೆದು, ಅಕ್ಕಪಕ್ಕ ಬರೆದು ಹೋಲಿಸುವುದು. ಫೋಟೋಕಾಪಿ ಯಂತ್ರವನ್ನು ಹಾಗೇ ಕೊಂಡೆ, ಫೋರ್ಕ್‌ಲಿಫ್ಟನ್ನೂ ಹಾಗೇ ಕೊಂಡೆ. ಕೋವಿಗೂ ಹಾಗೇ ಗೆರೆ ಎಳೆದೆ. ಗೆರೆಗಳು ಹೆಚ್ಚಾದವೇ ಹೊರತು ಉತ್ತರ ಬರಲಿಲ್ಲ. ಎರಡು ನಳಿಗೆ ಎಂದರೆ ಅಕ್ಕಪಕ್ಕ ಇರುವುದೋ, ಒಂದರ ಮೇಲೊಂದು ಇರುವುದೋ? ಅಕ್ಕಪಕ್ಕದ್ದು ನೋಡಲು ಚೆಂದ, ಹಳೆಯ ಕಾಲದ ಗತ್ತು. ಮೇಲೆ ಕೆಳಗೆ ಇರುವುದರಲ್ಲಿ ಗುರಿ ಸುಲಭ ಎನ್ನುತ್ತಾರೆ ಕೆಲವರು, ಅದು ಬರೀ ಅಭ್ಯಾಸದ ಮಾತು ಎನ್ನುತ್ತಾರೆ ಇನ್ನು ಕೆಲವರು. ಟ್ರಿಗರ್ ಒಂದೋ ಎರಡೋ? ನಳಿಗೆಯ ಬಾಯಿ ಸಡಿಲವೋ ಬಿಗಿಯೋ? ಒಂದು ಸಡಿಲ, ಒಂದು ಬಿಗಿ ಇರಲಿ ಎನ್ನುತ್ತಾರೆ ಬಲ್ಲವರು. ಮೊದಲನೆಯ ಈಡು ತಪ್ಪುವಷ್ಟರಲ್ಲಿ ಹಕ್ಕಿ ದೂರ ಹಾರಿರುತ್ತದೆ, ಆದ್ದರಿಂದ ಎರಡನೆಯದರ ಗುಂಡುಗಳು ಹೆಚ್ಚು ಚದುರದೆ ದೂರ ಹೋಗಬೇಕಂತೆ. ಮೊದಲ ತಪ್ಪನ್ನು ಕಾರ್ಖಾನೆಯಲ್ಲೇ ಊಹಿಸಿ ತಯಾರಿಸುವ ವಸ್ತು ನಾನು ಕಂಡಂತೆ ಇದೊಂದೇ.

ಅಗ್ಗದ ವಿಚಾರಕ್ಕೆ ಬಂದರೆ ತಲೆ ಇನ್ನಷ್ಟು ಕೆಟ್ಟಿತು. ಇಂಗ್ಲೆಂಡಿನಲ್ಲಿ ಅಜ್ಜಂದಿರ ಕಾಲದ ಕೋವಿಗಳು ಬಹಳ ಅಗ್ಗ. ಆದರೆ ಅಲ್ಲಿ ನೀರುಹಕ್ಕಿಗಳಿಗೆ ಸೀಸದ ಗುಂಡು ಹೊಡೆಯುವಂತಿಲ್ಲ, ಉಕ್ಕಿನದು ಬೇಕು. ಉಕ್ಕಿನ ಗುಂಡು ಆ ಅಜ್ಜಂದಿರ ನಳಿಗೆಗಳಿಗೆ ಆಗಿಬರುವುದಿಲ್ಲ. ಅವುಗಳಿಗೆ ಹೊಂದುವ ಬೇರೆ ಲೋಹದ ಗುಂಡು ತುಂಬಿದ ತೋಟೆ ದುಬಾರಿ. ಅಂದರೆ ಕೋವಿ ಅಗ್ಗವಾದರೆ ತೋಟೆ ದುಬಾರಿ, ತೋಟೆ ಅಗ್ಗವಾದರೆ ಕೋವಿ ದುಬಾರಿ. ನಡುವೆ ತುರ್ಕಿಯಲ್ಲಿ ತಯಾರಾದ ಹೊಸ ಕೋವಿಗಳು. ಅವುಗಳನ್ನು ಹೊಗಳುವವರೆಷ್ಟೋ, ತೆಗಳುವವರೂ ಅಷ್ಟೇ. ಅಬು ಖಾಲಿದರ ಸಲಹೆಯಂತೆ ಅರಬ್ಬಿಯಲ್ಲೂ ಹುಡುಕಿದೆ. ನಮ್ಮ ಬಂದೂಕು ಆ ಭಾಷೆಯಲ್ಲಿ ಬುಂದುಕಿಯಾ. ವೆನಿಸ್ ನಗರವನ್ನೂ ಅವರು ಅದೇ ಹೆಸರಿನಿಂದ ಕರೆಯುತ್ತಾರಂತೆ. ನನ್ನ ಅದೃಷ್ಟಕ್ಕೆ ಪರದೆಯ ತುಂಬ ದೋಣಿಗಳೂ ಪಾರಿವಾಳಗಳೂ ಬಂದವು.

ಗುದೈಬಿಯಾದ ನಮ್ಮ ಫ್ಲ್ಯಾಟಿನಲ್ಲಿ ಊಟದ ಮೇಜಿನ ಮೇಲೆ ಈ ಹಾಳೆಗಳನ್ನು ಹರಡಿಕೊಂಡು ಕೂತಿದ್ದೆ. ಹೆಂಡತಿ ಹಿಲ್ಡಾ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ಒಂದನ್ನು ಎತ್ತಿ ನೋಡಿದಳು.

“ಜಿರಳೆ ಕಂಡ್ರೆ ನನ್ನನ್ನು ಕರೀತೀರಿ. ನಿಮಗೆ ಎಂತಕ್ಕೆ ಕೋವಿ?”

“ನನಗಲ್ಲ ಮಾರಾಯ್ತಿ, ಅಬು ಖಾಲಿದರ ಅಳಿಯನಿಗೆ.”

“ಹಾಗಾದ್ರೆ ಅಳಿಯನ ಹತ್ರ ಕೇಳ್ಲಿಕ್ಕೆ ಆಗುದಿಲ್ವಾ?”

ನರ್ಸುಗಳ ಪ್ರಶ್ನೆಗಳು ಹೀಗೇ, ನೇರ ನರಕ್ಕೆ. ಹೆಂಗಸರಿಗೆ ಇಂಥ ವ್ಯವಹಾರದ ಸೂಕ್ಷ್ಮ ತಿಳಿಯುವುದಿಲ್ಲ ಎಂದು ಗೊಣಗಿ ನಾನು ಮತ್ತೊಂದು ಗೆರೆ ಎಳೆದೆ. ಕೊನೆಗೆ ನಲವತ್ತು ಕೋವಿಗಳ ಪಟ್ಟಿಯನ್ನು ಅಲ್ಲಿಯ ಅಂಗಡಿಯವನಿಗೇ ಕಳಿಸಿ, ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದೆ. ಅವನು ಬಹಳ ಸಭ್ಯವಾಗಿ ಉತ್ತರಿಸಿದ. ಎಲ್ಲವೂ ಒಳ್ಳೆಯವೇ. ಆದರೆ ಕೋವಿ ಎಂದರೆ ಹೊಲಿಸಿದ ಅಂಗಿಯ ಹಾಗೆ, ಹಾಕಿಕೊಳ್ಳುವವನ ಅಳತೆ ಬೇಕು. ಅವರ ತೋಳು ಎಷ್ಟು ಉದ್ದ? ಗುರಿ ಇಡುವಾಗ ಯಾವ ಕಣ್ಣು ಮುಂದು? ಬಲಗೈಯವರೋ ಎಡಗೈಯವರೋ? ಭುಜಕ್ಕೆ ಆನಿಸುವ ಮರದ ಹಿಡಿ ಬಲಗೈಯವರಿಗೆ ತುಸು ಬಲಕ್ಕೆ, ಎಡಗೈಯವರಿಗೆ ಎಡಕ್ಕೆ ಬಾಗಿರಬೇಕು.

ಈ ಪತ್ರವನ್ನು ಹಿಡಿದುಕೊಂಡು ಅಬು ಖಾಲಿದರ ಕೋಣೆಗೆ ಹೋದೆ. ತೋಳಿನ ಉದ್ದ ಕೇಳಿದೆ. “ಎತ್ತರದ ಮನುಷ್ಯ” ಎಂದರು. ಎಷ್ಟು ಎತ್ತರ? ಬಾಗಿಲನ್ನು ನೋಡಿದರು, ಹೇಳಲಾಗಲಿಲ್ಲ. ಕಣ್ಣಿನ ವಿಚಾರ ಕೇಳಿದೆ. ಕಣ್ಣಿನ ಬಣ್ಣವೂ ಅವರಿಗೆ ಗೊತ್ತಿರಲಿಲ್ಲ. ಆರು ವರ್ಷದ ಅಳಿಯನ ಬಗ್ಗೆ ಅಷ್ಟೂ ತಿಳಿಯದೆ ಕೂತಿದ್ದ ಅವರನ್ನು ನೋಡಿ ಮರುಕವೆನಿಸಿತು. ಹತ್ತೊಂಬತ್ತು ವರ್ಷ ಜನರ ಬೆನ್ನು ನೋಡದೆ ಕುರ್ಚಿ ಕೊಂಡ ನನಗೆ ನಗುವ ಅಧಿಕಾರವೇನೂ ಇರಲಿಲ್ಲ.

“ಹೋಗಲಿ ಸರ್, ಬಲಗೈಯವನೋ ಎಡಗೈಯವನೋ? ಊಟ ಯಾವ ಕೈಯಲ್ಲಿ ಮಾಡ್ತಾನೆ, ಅಷ್ಟು ಹೇಳಿ.”

ಅಬು ಖಾಲಿದರ ಮುಖ ಬಿಗಿಯಿತು. ಆಮೇಲೆ ಮೇಜಿನ ಕಡೆ ನೋಡುತ್ತ ಹೇಳಿದರು. ಆಡಮ್ ಮೊದಲ ಸಲ ಮನೆಗೆ ಬಂದ ದಿನ. ದೊಡ್ಡ ತಟ್ಟೆಯ ಸುತ್ತ ಅವರ ಅಣ್ಣತಮ್ಮಂದಿರೆಲ್ಲ ಕೂತಿದ್ದರು. ಎಲ್ಲರೂ ಒಂದೇ ತಟ್ಟೆಯಿಂದ ಉಣ್ಣುವಾಗ ಅವನು ಎಡಗೈಯನ್ನು ಅನ್ನಕ್ಕೆ ಹಾಕಿದ. ಎಲ್ಲರ ಕೈಯೂ ಒಂದು ಗಳಿಗೆ ನಿಂತಿತು. ಅತಿಥಿಗೆ ತಪ್ಪು ಹೇಳುವ ಪದ್ಧತಿ ಅವರಲ್ಲಿಲ್ಲ. ಅಬು ಖಾಲಿದ್ ಊಟ ಬಿಟ್ಟು ಎದ್ದು ಕೈ ತೊಳೆದುಕೊಂಡರು. ಇವನು ನಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲ ಎಂಬುದು ಅವರ ಮನಸ್ಸಿಗೆ ಹೊಕ್ಕಿತು. ಮರಿಯಮಳಿಗೂ ಕಾರಣ ಹೇಳಲಿಲ್ಲ. ಈವರೆಗೆ ಯಾರಿಗೂ ಹೇಳಿಲ್ಲ.

ನನಗೆ ನನ್ನ ಸೋದರಮಾವನ ನೆನಪಾಯಿತು. ಮದುವೆ ಊಟಗಳಲ್ಲಿ ಅವರು ಸಾಲಿನ ಕೊನೆಯ ಜಾಗ ಹುಡುಕಿಕೊಂಡು ಹೋಗುತ್ತಿದ್ದರು. ಎಡಗೈಯಲ್ಲಿ ಉಂಡರೆ ಪಕ್ಕದವರಿಗೆ ಮೊಣಕೈ ತಾಗುತ್ತದೆ, ಬಲಗೈಯಲ್ಲಿ ಉಂಡರೆ ಸಾರೆಲ್ಲ ಅಂಗಿಯ ಮೇಲೆ. ಚಿಕ್ಕಂದಿನಲ್ಲಿ ಎಷ್ಟು ಏಟು ತಿಂದರೂ ಅವರ ಕೈ ಬದಲಾಗಲಿಲ್ಲ. ಇದನ್ನು ಅಬು ಖಾಲಿದರಿಗೆ ಹೇಳಿದೆ. “ಕೆಲವರದ್ದು ಹುಟ್ಟುಗುಣ ಸರ್. ಅದಕ್ಕೆ ಬೇರೆ ಕೋವಿಯನ್ನೇ ಮಾಡ್ತಾರಂತೆ, ನೋಡಿ.” ಪತ್ರದ ಆ ಸಾಲನ್ನು ತೋರಿಸಿದೆ. ಅವರು ಅದನ್ನು ಎರಡು ಸಲ ಓದಿದರು. ಬಳಿಕ ಫೋನು ತೆಗೆದು ಮಗಳಿಗಲ್ಲ, ನೇರ ಅವನಿಗೇ ವಿಡಿಯೊ ಕರೆ ಮಾಡಿದರು. ನಾನು ಎದ್ದು ಹೊರಟೆ. ಕೂರು ಎಂದು ಕೈಸನ್ನೆ ಮಾಡಿದರು. ಬಹುಶಃ ಅವರಿಗೂ ಒಬ್ಬರ ಜೊತೆ ಬೇಕಿತ್ತು.

ಪರದೆಯ ಮೇಲೆ ಗಾಬರಿಬಿದ್ದ ಒಂದು ಉದ್ದ ಮುಖ ಕಾಣಿಸಿತು. ಮರಿಯಮಳಿಗೆ ಏನೂ ಆಗಿಲ್ಲವೆಂದು ಅವನೇ ಮೊದಲು ಹೇಳಿದ, ಕೇಳದೆಯೇ. ಅಬು ಖಾಲಿದ್ ಕ್ಷೇಮಸಮಾಚಾರ ಬಿಟ್ಟು, “ನೀನು ಯಾವ ಕೈಯಲ್ಲಿ ಬರೆಯುತ್ತೀ?” ಎಂದರು. ಎಡಗೈ, ಎಂದ ಆಡಮ್. ಸ್ವಲ್ಪ ತಡೆದು ತಾನಾಗಿಯೇ ಮುಂದುವರಿಸಿದ. ಆ ದಿನ ಭಯದಲ್ಲಿ ಮರೆತುಬಿಟ್ಟೆ, ಕೈ ತಾನಾಗಿ ಹೋಯಿತು. ನೀವು ಎದ್ದಾಗಲೇ ನನಗೆ ಗೊತ್ತಾಯಿತು, ಕ್ಷಮೆ ಕೇಳಲು ಧೈರ್ಯ ಬರಲಿಲ್ಲ. ಅಂದಿನಿಂದ ಮನೆಯಲ್ಲಿ ಬಲಗೈಯಲ್ಲೇ ಉಣ್ಣುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಈಗಲೂ ಚೆಲ್ಲುತ್ತದೆ. ಇನ್ನೊಮ್ಮೆ ಕರೆಯುವ ಹೊತ್ತಿಗೆ ಸರಿಯಾಗಬಹುದು.

ಅಬು ಖಾಲಿದ್ ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಗೆರೆ ಎಳೆದ ಹಾಳೆಯನ್ನೇ ನೋಡುತ್ತ ಕೂತೆ. ಆರು ವರ್ಷ ಇಬ್ಬರಿಗೂ ಗೊತ್ತಿದ್ದ ಮಾತು ಅದು, ಇಬ್ಬರೂ ಒಬ್ಬರಿಗೊಬ್ಬರು ಹೇಳದ ಮಾತು. ಕೋವಿಗೆ ನಿನ್ನ ಅಳತೆ ಬೇಕು ಎಂದರು ಅಬು ಖಾಲಿದ್. ಗುಟ್ಟಾಗಿ ಕೊಡಬೇಕೆಂದಿದ್ದ ಉಡುಗೊರೆಯ ಗುಟ್ಟು ಅಲ್ಲಿಗೆ ಮುಗಿಯಿತು. ಆಡಮ್ ಎಲ್ಲಿಂದಲೋ ಟೇಪು ಹುಡುಕಿ ತಂದ. ಮೊಣಕೈ ಮಡಚು, ಇನ್ನೂ ಸ್ವಲ್ಪ, ಬೆರಳು ನೆಟ್ಟಗೆ ಹಿಡಿ ಎಂದು ಅಬು ಖಾಲಿದ್ ನಿರ್ದೇಶಿಸಿದರು. ನಾನು ಅಂಕಿ ಬರೆದುಕೊಂಡೆ. ಜೀವನದಲ್ಲಿ ನಾನು ಮಾಡಿದ ಒಂದೇ ಒಂದು ಉಪಯುಕ್ತ ನಮೂದು ಅದಿರಬೇಕು.

ಅವನು ಎಡಗೈಯವನೆಂದು ತಿಳಿದದ್ದೇ ತಡ, ನಲವತ್ತು ಕೋವಿಗಳಲ್ಲಿ ಮೂವತ್ತೇಳು ತಾವಾಗಿ ಎದ್ದುಹೋದವು. ಉಳಿದ ಮೂರರಲ್ಲಿ ತುರ್ಕಿಯ ಒಂದು ಸಾದಾ ಕೋವಿಯನ್ನು ಅಂಗಡಿಯವನೇ ತೋರಿಸಿದ: ಮೇಲೊಂದು ಕೆಳಗೊಂದು ನಳಿಗೆ, ಒಂದೇ ಟ್ರಿಗರ್, ಉಕ್ಕಿನ ಗುಂಡಿಗೂ ಆಗಿಬರುವಂಥದು, ಹಿಡಿಯನ್ನು ಎಡಕ್ಕೆ ಬಾಗಿಸಿ ಕೊಡುತ್ತೇನೆ ಎಂದ. ನೋಡಲು ಅಗ್ಗದ್ದೆಂದು ಕಾಣುತ್ತದೆಯೇ ಎಂದು ಅಬು ಖಾಲಿದ್ ಮತ್ತೆ ಕೇಳಲಿಲ್ಲ. ಒಂದರ ಮೇಲೊಂದು ಒಳ್ಳೆಯದೋ ಅಕ್ಕಪಕ್ಕದ್ದು ಒಳ್ಳೆಯದೋ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಹಮೀದಾಕ ಮಾತ್ರ ಈ ಖರೀದಿಯ ನಂತರ ನನ್ನ ಖ್ಯಾತಿಯನ್ನು ಬಂದರಿನವರೆಗೂ ಹಬ್ಬಿಸಿದ್ದಾರೆ. ಪಕ್ಕದ ಆಫೀಸಿನವರೊಬ್ಬರು ಮೊನ್ನೆ ಕೋವಿಯ ಬಗ್ಗೆ ಸಲಹೆ ಕೇಳಲು ಬಂದಿದ್ದರು. ಯಾರಿಗೆ ಎಂದು ಕೇಳಿದೆ. ಅಷ್ಟಕ್ಕೇ ನನ್ನ ಜ್ಞಾನಕ್ಕೆ ತಲೆದೂಗಿದರು.

ಡಿಸೆಂಬರಿನಲ್ಲಿ ಇಂಗ್ಲೆಂಡಿನಿಂದ ಅಬು ಖಾಲಿದರ ಸಂದೇಶ ಬಂತು: ಬೆಳಿಗ್ಗೆ ಇಬ್ಬರೂ ಜೌಗಿಗೆ ಹೋದೆವು. ವಿಪರೀತ ಚಳಿ. ಆಡಮ್ ಎರಡು ಈಡು ಹೊಡೆದ, ಎರಡೂ ತಪ್ಪಿದವು, ಬಾತುಕೋಳಿಗಳು ಕ್ಷೇಮ. ಕೋವಿ ಅವನ ಭುಜಕ್ಕೆ ಸರಿಯಾಗಿ ಕೂರುತ್ತದೆ. ಮಧ್ಯಾಹ್ನ ಮರಿಯಮ್ ಒಂದೇ ತಟ್ಟೆಯಲ್ಲಿ ಬಡಿಸಿದಳು. ಅವನು ಬಲಗೈಯಲ್ಲೇ ಉಂಡ, ಅರ್ಧ ಅನ್ನವನ್ನು ನನ್ನ ಹೊಸ ಸ್ವೆಟರಿನ ಮೇಲೆ ಚೆಲ್ಲಿದ. ನಾನು ಏಳಲಿಲ್ಲ.