ಎರಡು ದಿನ ಕಾಯಿರಿ ಎಂದಿದ್ದೆ

ಆಯುಧಪೂಜೆಗೆಂದು ಅಟ್ಟ ಖಾಲಿ ಮಾಡುತ್ತಿದ್ದಾಗ ಹಳೇ ಪೇಪರಿನಲ್ಲಿ ಸುತ್ತಿಟ್ಟ ಮಣ್ಣಿನ ಕಾಫಿ ಹೂಜಿ ಸಿಕ್ಕಿತು. ಮೂತಿಗೆ ಮೂಗಿಟ್ಟೆ. ಇನ್ನೂ ಕರಕು ಕಾಫಿ, ಶುಂಠಿಯ ವಾಸನೆ...

ಅದು ನಮ್ಮ ಜೆ.ಪಿ. ನಗರದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಸುಡಾನಿನವರೊಬ್ಬರದು. ನಲವತ್ತರ ಆಸುಪಾಸು, ಔಷಧಗಳ ಮೇಲೆ ಸಂಶೋಧನೆ ಮಾಡಲು ಬಂದಿದ್ದರು. ಕನ್ನಡ ಕಲಿತದ್ದು ತರಕಾರಿ ಗಾಡಿಯವಳಿಂದ. ಹಾಗಾಗಿ ನನ್ನ ಹೆಂಡತಿಯನ್ನೂ 'ಅಕ್ಕೋ' ಎಂದೇ ಕೂಗುತ್ತಿದ್ದರು.

ನಾನಾಗ ನಮ್ಮ ರಸ್ತೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಕಾರು ನಿಲ್ಲಿಸುವ ಜಾಗಕ್ಕೆ ಯಾರೇ ಕಿತ್ತಾಡಲಿ, ಇಬ್ಬರನ್ನೂ ಮನೆಗೆ ಕರೆಸುತ್ತಿದ್ದೆ. ಲೋಟದ ಕಾಫಿ ಮುಗಿಯುವ ತನಕ ಜಗಳದ ಮಾತೆತ್ತುವಂತಿಲ್ಲ. ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತಿತ್ತು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತಾರಲ್ಲ, ನನಗೂ ಒಂದು ಲೋಟ ಹೆಚ್ಚಿಗೆ ಸಿಗುತ್ತಿತ್ತು. ಮಹಡಿಯವರು ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ನೋಡಿ ನಗುತ್ತಿದ್ದರು.

ಆಮೇಲೆ ಅವರ ದೇಶದಲ್ಲೇ ಯುದ್ಧ ಶುರುವಾಯಿತು. ಇಬ್ಬರು ದಂಡನಾಯಕರ ಜಗಳ. ಗುಂಡು ಹಾರುತ್ತಿದ್ದ ರಾಜಧಾನಿಯಲ್ಲಿ ಅವರ ತಾಯಿ ಒಬ್ಬರೇ ಇದ್ದರು. ನಮ್ಮ ಸರ್ಕಾರ ಎರಡೂ ಕಡೆಯವರೊಡನೆ ಮಾತಾಡಿ ಅಲ್ಲಿ ಸಿಕ್ಕಿಬಿದ್ದ ಭಾರತೀಯರನ್ನು ಕರೆತರುತ್ತಿತ್ತು. ಇನ್ನು ಲೋಕದ ಜಗಳವೆಲ್ಲ ಬಿಡಿಸುವವರು ನಾವೇ ಎಂದು ಟಿವಿಯವನು ಗಂಟಲು ಹರಿದುಕೊಳ್ಳುತ್ತಿದ್ದ. ನನ್ನ ಎದೆಯೂ ಉಬ್ಬಿತ್ತು, ಸುಳ್ಳೇಕೆ ಹೇಳಲಿ.

ಒಂದು ಬೆಳಿಗ್ಗೆ ಅವರು ಕೆಳಗಿಳಿದು ಬಂದರು. ತಾಯಿಯ ನೆರೆಯವರು ಬಸ್ಸು ಮಾಡಿಕೊಂಡು ಗಡಿಗೆ ಹೊರಟಿದ್ದರು. ದಾರಿಯಲ್ಲೂ ಅಪಾಯ. ಕಳಿಸಲೋ ಬೇಡವೋ...

"ಅಂಕಲ್, ನೀವು ಹೇಳಿ. ಏನ್ ಮಾಡ್ಲಿ?"

"ಎರಡು ದಿನ ಕಾಯಿರಿ ಸಾರ್. ನಮ್ಮೋರು ಇಬ್ಬರ ಹತ್ರಾನೂ ಮಾತಾಡ್ತಿದಾರೆ. ಕೂರಿಸಿ ರಾಜಿ ಮಾಡಿಸ್ತಾರೆ, ನೋಡ್ತಿರಿ."

ಕಾಫಿ ಕುಡಿಸಿ ಕಾರು ತೆಗೆಸಿದಷ್ಟು ಸಲೀಸು ಅಂದುಕೊಂಡಿದ್ದೆ. ಅವರು ನನ್ನೆದುರೇ ಫೋನು ಮಾಡಿ ತಾಯಿಯನ್ನು ನಿಲ್ಲಿಸಿದರು. ಬಸ್ಸು ಕ್ಷೇಮವಾಗಿ ಗಡಿ ಸೇರಿತು. ಮೂರನೆಯ ದಿನದಿಂದ ತಾಯಿಗೆ ಫೋನು ಹೋಗಲೇ ಇಲ್ಲ.

ದೆಹಲಿಯಲ್ಲಿ ಸರ್ಕಾರಿ ನೌಕರಿ ಮಾಡಿ ನಿವೃತ್ತನಾಗಿದ್ದ ಗೆಳೆಯನಿಗೆ, ಆ ತಾಯಿಯನ್ನೂ ಕರೆತರಿಸು ಎಂದು ದುಂಬಾಲು ಬಿದ್ದೆ. "ಅವರು ನಮ್ಮ ಪ್ರಜೆ ಅಲ್ವಲ್ಲೋ," ಎಂದ. ಕೈಲಾಗದವನು ಮೈ ಪರಚಿಕೊಂಡ ಹಾಗೆ ಟಿವಿಯವನನ್ನು ಬೈದೆ. ಮೇಲಿನ ಮನೆಯವರು ಮಾತ್ರ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಒಮ್ಮೆ ಕೇಳಿದರು, ಅಷ್ಟೆ: "ನಿಮ್ಮೋರು ಹೊರಡೋವಾಗ ಗುಂಡು ನಿಲ್ಸಿದ್ರಲ್ಲ ಅಂಕಲ್... ಅಮ್ಮಂಗೆ ಯಾಕೆ ನಿಲ್ಸಲ್ಲ?"

ತಿಂಗಳಾದ ಮೇಲೆ ತಾಯಿಯನ್ನು ಹುಡುಕುತ್ತೇನೆಂದು ಅವರು ಹೊರಟೇಬಿಟ್ಟರು. ಹೂಜಿಯನ್ನು ನನ್ನ ಕೈಗಿಟ್ಟು, "ನಿಮ್ಮ ಸಂಘಕ್ಕೆ," ಎಂದರು. ಅಲ್ಲಿಗೆ ತಲುಪಿದರೋ ಇಲ್ಲವೋ... ನಾನು ಕಳಿಸಿದ ಮೆಸೇಜುಗಳಿಗೆ ಇಂದಿಗೂ ಒಂದೇ ಟಿಕ್ ಗುರುತು.

ಸಂಘ ಬಿಟ್ಟಿದ್ದೇನೆ. ಈಗಲೂ ಯಾರಾದರೂ ಬಂದು, "ನೀವೇ ಕೂರಿಸಿ ಮಾತಾಡಿ ಸಾರ್," ಅಂತಾರೆ. ಆಗುವುದಿಲ್ಲ ಎನ್ನುತ್ತೇನೆ.

ಹೆಂಡತಿ ಹೂಜಿ ನೋಡಿ, "ತೊಳೆದಿಡ್ಲಾ?" ಎಂದಳು. ಬೇಡ, ವಾಸನೆ ಹೋಗುತ್ತೆ ಎಂದೆ. ಅವಳು ಅದನ್ನು ಮತ್ತೆ ಪೇಪರಿನಲ್ಲಿ ಸುತ್ತಿದಳು. ಆ ತಾಯಿ ಅಂದು ಬಸ್ಸು ಹತ್ತಲು ಚೀಲ ಕಟ್ಟಿಕೊಂಡು ಕೂತಿದ್ದರಂತೆ. ಬೇಡ ಅಂದದ್ದು ನಾನು.