ಅವ್ವನ ಹಿಮ್ಮಡದ ನೋವು ಹೋದ ವರ್ಷ

ನಾನು ಮೊದಲಿನಿಂದಲೂ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ಬೆಚ್ಚಿಬೀಳುವವಳು. ಆದರೆ ಕಾಲಿನ ವಿಷಯದಲ್ಲಿ ನನ್ನ ಹೆದರಿಕೆಗೆ ಕಾರಣವಿದೆ. ಅಫಜಲಪುರದಲ್ಲಿದ್ದ ದೊಡ್ಡವ್ವನಿಗೆ, ಅಂದರೆ ಅವ್ವನ ಅಕ್ಕನಿಗೆ, ಸಕ್ಕರೆ ಕಾಯಿಲೆ ಇತ್ತು. ಕಾಲಿನ ಕಿರುಬೆರಳಿನ ಸಣ್ಣ ಗಾಯ ಬೆಳೆಯುತ್ತ ಹೋಗಿ ಕೊನೆಗೆ ಮೊಣಕಾಲಿನವರೆಗೆ ಕಾಲನ್ನೇ ತೆಗೆದರು. ಆಸ್ಪತ್ರೆಯಲ್ಲಿ ಅವಳು ಹೊದ್ದ ಚಾದರ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಚಪ್ಪಟೆಯಾಗಿ ಬಿದ್ದಿತ್ತು. ಅವ್ವನಿಗೂ ಅದೇ ಕಾಯಿಲೆ ಎಂದು ಗೊತ್ತಾದ ದಿನದಿಂದ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟುವುದು ನಿಂತಿಲ್ಲ.

ಅವ್ವ ಇರುವುದು ನೆಲೋಗಿಯಲ್ಲಿ, ನಾನು ಜೇವರ್ಗಿಯಲ್ಲಿ. ಮನೆಯಲ್ಲೇ ಮಶಿನ್ ತುಳಿದು ಹೆಂಗಸರ ಜಂಪರ್, ಅಂದರೆ ರವಿಕೆ, ಹೊಲಿಯುತ್ತೇನೆ. ತಾಯಿ ಮಗಳಿಬ್ಬರಿಗೂ ಹಿಮ್ಮಡದ ನೋವು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದರೆ ಜೀವ ಬಾಯಿಗೆ ಬರುತ್ತಿತ್ತು. ಬೇಸಿಗೆಯಲ್ಲಿ ಹಪ್ಪಳದಂತೆ ಸವೆದ ರಬ್ಬರ್ ಚಪ್ಪಲಿ. ಮಳೆ ಬಿದ್ದರೆ ಅದೂ ಇಲ್ಲ. ನಮ್ಮ ಕಡೆಯ ಜಿಗುಟು ಎರಿ ಮಣ್ಣು, ಕಪ್ಪು ಮಣ್ಣು, ಚಪ್ಪಲಿಗೆ ಮೆತ್ತಿಕೊಂಡರೆ ಕಾಲು ಎತ್ತುವುದೇ ಆಗುವುದಿಲ್ಲ. ಅದಕ್ಕೇ ಹೆಂಗಸರು ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಬರಿಗಾಲಲ್ಲಿ ಹೊಲಕ್ಕಿಳಿಯುತ್ತಾರೆ. ಚಳಿ ಬಂತೋ, ಹಿಮ್ಮಡ ಬಿರಿದು ಸೀರೆಯ ಅಂಚೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಇದು ಸಾಲದು ಎಂಬಂತೆ ಶ್ರಾವಣ ಬೇರೆ. ನಮ್ಮ ಕಡೆ ಶ್ರಾವಣದಲ್ಲಿ ಸಂಜೆ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಆ ತಿಂಗಳು ಪೂರ್ತಿ ಚಪ್ಪಲಿ ಮೆಟ್ಟದೆ ಇರುವುದು ಅವ್ವನ ನೇಮ, ನಾನು ಹುಟ್ಟುವುದಕ್ಕೆ ಮೊದಲಿನದು. ನಾನು ಪ್ರತಿ ವರ್ಷವೂ ಜಗಳ ತೆಗೆಯುತ್ತಿದ್ದೆ.

"ದೊಡ್ಡವ್ವನ ಕಾಲು ಮರ್ತೀ ಏನ್ ಬೇ?"

"ಆಕಿ ನೇಮಾ ಬಿಟ್ಟಿದ್ಳು, ಅದಕ್ಕ ಹಂಗಾತು. ನೀ ಬಾಯಿ ಮುಚ್ಕೊಂಡು ನಿನ್ನ ಮಶಿನ್ ತುಳಿ."

ಇಂಥವಳಿಗೆ ಏನು ಹೇಳುವುದು! ಆ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಅವಳದೇ ಫೋನು ಬಂತು. "ನೋವು ಹೋತು ಬೇ! ಹೇಳದ ಕೇಳದ ಹೋಗ್ಯಾದ. ಗೋಧಿ ಹುಗ್ಗಿ ಮಾಡಾಕತ್ತೇನಿ, ಲಗೂನ ಬಾ." ನಾನು ಹೋಗುವಷ್ಟರಲ್ಲಿ ಓಣಿಗೆಲ್ಲ ಹುಗ್ಗಿ ಹಂಚಿಯಾಗಿತ್ತು. ಬಂದವರ ಮುಂದೆಲ್ಲ ಹಿಮ್ಮಡವನ್ನು ನೆಲಕ್ಕೆ ಕುಟ್ಟಿ ಕುಟ್ಟಿ ತೋರಿಸುತ್ತಿದ್ದಳು. ನಾನೂ ಹುಗ್ಗಿಯನ್ನು ಮತ್ತೆ ಹಾಕಿಸಿಕೊಂಡು ತಿಂದೆ. ಖುಷಿಯೂ ಆಗಿತ್ತು, ಸುಳ್ಳೇಕೆ, ಹೊಟ್ಟೆಕಿಚ್ಚೂ ಆಗಿತ್ತು. ಬರುವ ಶ್ರಾವಣಕ್ಕೆ ನಾನೂ ಬರಿಗಾಲಲ್ಲೇ ನಡೆಯುತ್ತೇನೆಂದು ಮನಸ್ಸಿನಲ್ಲೇ ಹರಕೆ ಹೊತ್ತೆ.

ದೀಪಾವಳಿ ಕಳೆದು ಚಳಿ ಬಿದ್ದಾಗ ನನ್ನ ನೋವು ಇನ್ನೂ ಹೆಚ್ಚಾಯಿತು. ಮಶಿನ್ ತುಳಿಯಲಾಗದೆ ಒಂದು ಮಧ್ಯಾಹ್ನ ಕುಂಟುತ್ತ ನೆಲೋಗಿಯ ಬಸ್ಸು ಹತ್ತಿದೆ. ಅವ್ವ ನೋಡಿದವಳೇ, "ಇಟ್ಟಂಗಿ ಕಾಸ್ತೇನಿ ತಡಿ" ಎಂದಳು. ನಮ್ಮಲ್ಲಿ ಹಿಮ್ಮಡದ ನೋವಿಗೆ ಇದೇ ಔಷಧ. ಇಟ್ಟಂಗಿಯನ್ನು, ಎಂದರೆ ಮನೆ ಕಟ್ಟುವ ಇಟ್ಟಿಗೆಯನ್ನೇ, ಒಲೆಯಲ್ಲಿ ಕಾಯಿಸಿ, ಅದರ ಮೇಲೆ ಎಕ್ಕೆ ಎಲೆ ಹಾಸಿ ಹಿಮ್ಮಡ ಒತ್ತುವುದು. ಕಾವು ಎಷ್ಟಿದೆ ನೋಡಲು ಅವ್ವ ಮೊದಲು ತನ್ನ ಕಾಲಿಟ್ಟಳು. ಇಟ್ಟುಕೊಂಡೇ ಪಕ್ಕದ ಮನೆಯವರ ಎಮ್ಮೆ ಕರು ಹಾಕಿದ ಕಥೆ ಹೇಳತೊಡಗಿದಳು.

"ಬಿಸಿ ಭಾಳ ಅದ ಏನ್ ಬೇ?"

"ಎಲ್ಲೀದು! ಆರಿ ಹೋಗ್ಯಾದ. ಇಡು, ಇಡು."

ಅವಳ ಮಾತು ನಂಬಿ ನಾನು ಪೂರ್ತಿ ಭಾರ ಹಾಕಿ ಹಿಮ್ಮಡ ಊರಿದೆ. ಅಯ್ಯಯ್ಯೋ ಎಂದು ನಾನು ಚೀರಿದ್ದಕ್ಕೆ ಹೊರಗಿದ್ದ ನಾಯಿ ಬೊಗಳಿತು. ಅವ್ವ ಬಿದ್ದು ಬಿದ್ದು ನಕ್ಕಳು. "ಪ್ಯಾಟಿ ಸೇರಿ ನಾಜೂಕ ಆಗೀದಿ ನೀ" ಎಂದಳು. ನಾನು ಕಾಲನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟುಕೊಂಡು ಬೈಯುತ್ತಿದ್ದೆ. ಆಗ ನೋಡಿದೆ, ಅವಳು ಅಷ್ಟು ಹೊತ್ತು ಕಾಲಿಟ್ಟಿದ್ದ ಕಡೆ ಇಟ್ಟಂಗಿಯ ಮೇಲಿನ ಎಲೆ ಅವಳ ಹಿಮ್ಮಡದ ಆಕಾರಕ್ಕೆ ಕಪ್ಪಾಗಿತ್ತು.

"ಕಾಲು ತೋರಿಸು" ಎಂದೆ. "ಏನಿಲ್ಲ ಬಿಡು" ಎಂದಳು. ಬಲವಂತವಾಗಿ ಕಾಲೆತ್ತಿ ನೋಡಿದರೆ ಹಿಮ್ಮಡದ ಚರ್ಮ ಬೆಳ್ಳಗಾಗಿ ಗುಳ್ಳೆ ಏಳುತ್ತಿತ್ತು. ಅದರ ಮುಂದೆ, ಅಂಗಾಲಿನಲ್ಲಿ, ಜಾಲಿ ಮುಳ್ಳೊಂದು ಒಳಗೇ ಮುರಿದು ಸುತ್ತ ಕೀವುಗಟ್ಟಿತ್ತು. ಬೆರಳಿನಿಂದ ಒತ್ತಿದೆ. ಅವ್ವ ನನ್ನ ಮುಖ ನೋಡುತ್ತ ಸುಮ್ಮನೆ ಕುಳಿತಿದ್ದಳು.

"ಇದು ಯಾವಾಗ ಚುಚ್ಚೇದ ಬೇ?"

"ಯಾವುದು?"

ನಾವು ಹುಗ್ಗಿ ಉಂಡದ್ದು ಯಾವುದಕ್ಕೆ ಎಂದು ಆಗ ತಿಳಿಯಿತು. ನೋವು ವಾಸಿಯಾಗಿರಲಿಲ್ಲ, ಕಾಲಿಗೆ ತಿಳಿಯುವುದೇ ನಿಂತುಹೋಗಿತ್ತು. ದೊಡ್ಡವ್ವನ ಆ ಚಾದರ ಕಣ್ಣ ಮುಂದೆ ಬಂದು ನಿಂತಿತು. ಅವ್ವನನ್ನು ತಬ್ಬಿಕೊಂಡು ಅಳತೊಡಗಿದೆ. "ಸುಟ್ಟದ್ದು ನನಗ, ಅಳೋದು ನೀನು, ಹುಚ್ಚಿ" ಎಂದು ಅವಳೇ ಬೆನ್ನು ಸವರಿದಳು.

ಮರುದಿನ ಬೆಳಿಗ್ಗೆ ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ದೆ. ಬಸ್ಸಿನಲ್ಲಿ ಅವಳು ಆರಾಮಾಗಿ ಶೇಂಗಾ ತಿನ್ನುತ್ತಿದ್ದಳು. ನಾನು ಬಟ್ಟೆ ಸುತ್ತಿದ ಆ ಕಾಲನ್ನು ಯಾರಾದರೂ ತುಳಿದಾರೆಂದು ದಾರಿಯುದ್ದಕ್ಕೂ ಕಾಯುತ್ತ ಕುಳಿತೆ.

ಡಾಕ್ಟರಬಾಯಿ ಅವ್ವನನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿದರು. "ಮುಟ್ಟಿದ್ದು ಗೊತ್ತಾದ್ರ ಹೂಂ ಅನ್ರಿ" ಎಂದು ಹೇಳಿ ಸಣ್ಣ ಪ್ಲಾಸ್ಟಿಕ್ ಎಳೆಯೊಂದನ್ನು ಬೆರಳುಗಳಿಗೆ, ಅಂಗಾಲಿಗೆ ಒತ್ತುತ್ತ ಹೋದರು. ಅವ್ವ ಹೂಂ ಅನ್ನಲಿಲ್ಲ. ನಾನು ಮನಸ್ಸಿನಲ್ಲೇ, ಒಂದು ಸಲ ಅನ್ನು ನನ್ನವ್ವ, ಒಂದೇ ಸಲ ಅನ್ನು ಎನ್ನುತ್ತಿದ್ದೆ. ಎರಡೂ ಕಾಲು ಮುಗಿಸಿ ಅವರು ಕೈ ತೆಗೆದ ಮೇಲೆ ಅವ್ವ ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಸುರು ಮಾಡ್ರಿ, ಯಾಕ ಸುಮ್ಮ ನಿಂತೀರಿ?"

ಡಾಕ್ಟರಬಾಯಿ ಮುಳ್ಳು ತೆಗೆದು ಪಟ್ಟಿ ಕಟ್ಟಿದರು. ಈ ಸಲ ಕಾಲು ಉಳಿಯುತ್ತದೆ, ಆದರೆ ಹೋದ ಸ್ಪರ್ಶ ಮರಳಿ ಬರುತ್ತದೆಂದು ಹೇಳಲಾಗದು ಎಂದರು. ಇನ್ನು ಮೇಲೆ ಮನೆಯೊಳಗೂ ಬರಿಗಾಲು ಬೇಡ. ಚಪ್ಪಲಿ ಅಗಲವಾಗಿ ಮೆತ್ತಗಿರಬೇಕು, ಮೆಟ್ಟುವ ಮೊದಲು ಒಳಗೆ ಕೈಯಾಡಿಸಿ ನೋಡಬೇಕು. ಇಟ್ಟಂಗಿಯ ಮಾತೇ ಎತ್ತಬಾರದು. ದಿನಾ ಅಂಗಾಲು ನೋಡಬೇಕು, ಮಳೆಗಾಲದಲ್ಲಿ ಬೆರಳ ಸಂದಿ ಒರೆಸಬೇಕು. "ನೇಮಾ ಮುರದಂಗ ಆಗ್ತದಲ್ರೀ" ಎಂದಳು ಅವ್ವ. "ಕಾಲು ಇದ್ರ ಮಠಕ್ಕ ಹೋಗ್ತೀರಿ, ಯವ್ವಾ" ಎಂದರು ಅವರು.

ನನ್ನ ಕುಂಟುವಿಕೆ ನೋಡಿ, "ನೀವೂ ಮಲಕೊಳ್ರಿ" ಎಂದರು. ನಾನು ಮಲಗಿ ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ. ಇನ್ನೂ ಏನೂ ಆಗಲಿಲ್ಲ. ಅವರು ಮುಟ್ಟುತ್ತಿರಬಹುದು, ನನಗೇ ತಿಳಿಯುತ್ತಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಹೆಬ್ಬೆರಳಿಗೆ ಏನೋ ಚುಚ್ಚಿತು. "ಹೂಂ, ಹೂಂರೀ!" ಎಂದು ಕೂಗಿಬಿಟ್ಟೆ. ಹಿಮ್ಮಡ ಒತ್ತಿದಾಗ ನೋವಿಗೆ ಎದ್ದು ಕುಳಿತೆ. ನೋವಿಗೆ ಅಷ್ಟು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು.

ಅವ್ವ ಮಂಚದ ಪಕ್ಕ ಬಂದು ನನ್ನ ಹಿಮ್ಮಡವನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡಳು. ಮೊದಲ ಸಲ ಅವಳ ಮುಖದಲ್ಲಿ ಹೆದರಿಕೆ ಕಂಡೆ.

"ಭಾಳ ನೋಯ್ತದೇನ್ ಬೇ?" ಎಂದಳು. ಆಮೇಲೆ ಡಾಕ್ಟರಬಾಯಿಗೆ ಕೇಳಿಸದಂತೆ, ಮೆಲ್ಲಗೆ, "ಹೆಂಗ ಅನಸ್ತದ, ಹೇಳು. ನನಗ ನೆನಪಿಲ್ಲ."